ಒಳಗೆ ಅರಗು ತುಂಬಿರುವ ಹಳೇ ಬೆಳ್ಳಿ ಕ್ಯಾಂಡಲ್ ಸ್ಟ್ಯಾಂಡ್ ಮೋಸದ ಮಾಲಾ?

ಬೆಂಗಳೂರಿನ ಫ್ರೇಜರ್ ಟೌನಿನ ಹಳೇ ಮನೆಯಿಂದ ನಿಮಗೆ ಒಂದು ಜೊತೆ ಇಂಗ್ಲೆಂಡಿನ ಬೆಳ್ಳಿ ಕ್ಯಾಂಡಲ್ ಸ್ಟ್ಯಾಂಡ್ ಬಂದಿದೆ. ಒಳಗೆ ಅರಗಿನಂಥದ್ದು ತುಂಬಿದೆ ಅಂತ ಅಂಗಡಿಯವರು ಕಡಿಮೆ ಬೆಲೆ ಹೇಳಿದ್ದಾರೆ. ಇದು ಮೋಸದ ಮಾಲಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ದಯವಿಟ್ಟು ಕರಗಿಸೋಕೆ ಕೊಡಬೇಡಿ.

ನಮ್ಮಪ್ಪ ನಗರ್ತಪೇಟೆಯಲ್ಲಿ ಬೆಳ್ಳಿ ಕೆಲಸ ಮಾಡುತ್ತಿದ್ದರು. ದಂಡಿನ (ಕಂಟೋನ್ಮೆಂಟ್) ಕಡೆಯ ಮನೆಗಳಿಂದ ಇಂಥವು ರಿಪೇರಿಗೆ ಬರುತ್ತಿದ್ದವು. ಮೊದಲು ಇವನ್ನು ಎರಕ ಹೊಯ್ಯುತ್ತಿದ್ದರು. ಕಂಬವನ್ನು ಎರಡು ಹೋಳಾಗಿ ಹೊಯ್ದು ಬೆಸೆಯುತ್ತಿದ್ದರು. ಅದಕ್ಕೆ ಬೆಳ್ಳಿ ಜಾಸ್ತಿ ಬೇಕು. 1770ರ ಹೊತ್ತಿಗೆ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಕೆಲಸಗಾರರು ತೆಳು ತಗಡನ್ನು ಉಕ್ಕಿನ ಅಚ್ಚಿಗೆ ಒತ್ತಿ, ತುಂಡುಗಳನ್ನು ಬೆಸೆದು, ಒಳಗೆ ರಾಳ ತುಂಬಿದರು. ಇಲ್ಲದಿದ್ದರೆ ತಗಡು ನೆಗ್ಗುತ್ತದೆ, ಸ್ಟ್ಯಾಂಡ್ ಉರುಳಿ ಬೀಳುತ್ತದೆ. ನಮ್ಮಲ್ಲೂ ಅರಗು ತುಂಬಿದ ಒಡವೆ ಇದೆಯಲ್ವಾ, ಹಾಗೇ ಇದು. ಅಷ್ಟು ತೆಳು ತಗಡಿನಲ್ಲಿ ಹೂಬಳ್ಳಿ ಹರಿಯದೆ ಎದ್ದು ನಿಲ್ಲಬೇಕಾದರೆ ಅಚ್ಚು ಕೊರೆದವನ ಕೈ ಎಂಥದ್ದಿರಬೇಕು! ತಕ್ಕಡಿಗೆ ಅದು ಕಾಣುವುದಿಲ್ಲ.

ಪಾದದ ಅಂಚಿನಲ್ಲಿ ಭೂತಗನ್ನಡಿ ಹಿಡಿದು ನೋಡಿ. ನಡೆಯುವ ಸಿಂಹದ ಮುದ್ರೆ ಇದ್ದರೆ ಅದು 92.5 ಬೆಳ್ಳಿ. ಬೆಳ್ಳಿ ಪರೀಕ್ಷಿಸಿದ ಊರಿಗೂ ಗುರುತಿದೆ: ಚಿರತೆ ತಲೆ ಲಂಡನ್, ಲಂಗರು ಬರ್ಮಿಂಗ್‌ಹ್ಯಾಮ್, ಕಿರೀಟ ಶೆಫೀಲ್ಡ್. ರಾಜನ ಅಥವಾ ರಾಣಿಯ ತಲೆ ಇದ್ದರೆ ಸಾಮಾನ್ಯವಾಗಿ 1784ರಿಂದ 1890ರೊಳಗಿನದು, ಸುಂಕ ಕಟ್ಟಿದ ಗುರುತು ಅದು. ಒಂಟಿ ಅಕ್ಷರ ವರ್ಷ ಹೇಳುತ್ತದೆ. ಆದರೆ ಇ.ಪಿ.ಎನ್.ಎಸ್. (EPNS) ಅಂತ ಇದ್ದರೆ ಅದು ಬೇರೆ ಲೋಹದ ಮೇಲಿನ ಬರೀ ಬೆಳ್ಳಿ ಲೇಪನ.

ಇವು ದೊಡ್ಡಸ್ತಿಕೆಯ ಸಾಮಾನು ಅನ್ನುವುದೂ ನಿಜ. ಇಂಗ್ಲೆಂಡಿನಲ್ಲಿ 1709ರಿಂದ 1831ರವರೆಗೆ ಮೇಣದಬತ್ತಿಗೇ ತೆರಿಗೆ ಇತ್ತು. ಬಡವರ ಮನೆಯಲ್ಲಿ ವಾಸನೆ ಬರುವ ಕೊಬ್ಬಿನ ಬತ್ತಿ, ಉಳ್ಳವರ ಮೇಜಿನ ಮೇಲೆ ಜೇನುಮೇಣದ ಬತ್ತಿ. ಅದನ್ನು ಬೆಳ್ಳಿ ಕಂಬದ ಮೇಲೆ ಸಾಲಾಗಿ ಉರಿಸಿದರೆ ಬಂದ ಅತಿಥಿಗೆ ಮನೆಯವರ ಅಂತಸ್ತು ತಾನಾಗೇ ಗೊತ್ತಾಗುತ್ತಿತ್ತು. ಬೆಂಗಳೂರಿನ ಬೀದಿಗಳಿಗೆ 1905ರಲ್ಲೇ ವಿದ್ಯುತ್ ದೀಪ ಬಂತು. ಆಮೇಲೂ ಜನ ಇವನ್ನು ಎಸೆಯಲಿಲ್ಲ, ಊಟದ ಮೇಜಿನ ಮೇಲೇ ಇಟ್ಟುಕೊಂಡರು.

ಮಾರಲೇಬೇಕಿದ್ದರೆ ಜೊತೆ ಒಡೆಯಬೇಡಿ. ಒಂಟಿಗೆ ಅರ್ಧ ಬೆಲೆಯೂ ಸಿಗುವುದು ಕಷ್ಟ. ಗುರುತುಗಳ ಫೋಟೋ ತೆಗೆದು, ಹಳೇ ಸಾಮಾನಿನ ಹರಾಜು ನಡೆಸುವವರಿಗೆ ತೋರಿಸಿ. ತೊಳೆಯುವಾಗ ಬಿಸಿನೀರಿನಲ್ಲಿ ಮುಳುಗಿಸಲೇಬೇಡಿ, ಒಳಗಿನ ರಾಳ ಮೆತ್ತಗಾಗಿ ಕಂಬ ವಾಲುತ್ತದೆ. ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು.