ಶಿಫ್ಟ್ ಕೆಲಸ ಮಾಡ್ಕೊಂಡು ವ್ಯಾಯಾಮ, ಊಟ, ನಿದ್ದೆ ಮೂರನ್ನೂ ಸರಿದೂಗಿಸೋದು ಹೇಗೆ?

ನೀವು ಕೇಳಿರೋದು ಇಷ್ಟು: ವಾರವಾರ ಶಿಫ್ಟ್ ಬದಲಾಗೋ ಫ್ಯಾಕ್ಟರಿ ಕೆಲಸ, ಎರಡು ತಿಂಗಳಿಂದ ಜಿಮ್‌ಗೆ ಹೋಗ್ತಿದೀರಿ, ರಾತ್ರಿ ಅನ್ನ ಬಿಟ್ಟಿದೀರಿ, ಆದ್ರೂ ದಿನಾ ಸುಸ್ತು, ತೂಕಾನೂ ಇಳಿದಿಲ್ಲ, ಎಲ್ಲಿ ತಪ್ತಿದೀನಿ ಅಂತ. ಓದ್ತಾ ಓದ್ತಾ ಐದು ವರ್ಷದ ಹಿಂದೆ ನನಗಾಗಿದ್ದೆಲ್ಲ ಕಣ್ಮುಂದೆ ಬಂತು, ಅದಕ್ಕೇ ಉದ್ದವಾಗೇ ಬರೀತಿದೀನಿ, ಪೂರ್ತಿ ಓದಿ.

ನಾನು ಬೆಂಗಳೂರಿನ ಪೀಣ್ಯದಲ್ಲಿ ಸಿಎನ್‌ಸಿ (ಕಂಪ್ಯೂಟರ್ ಹೇಳಿದಂಗೆ ಲೋಹ ಕತ್ತರಿಸೋ ಮೆಷಿನ್) ಆಪರೇಟರ್, ಮನೆ ನೆಲಮಂಗಲದ ಕಡೆ. ಮೂರು ಶಿಫ್ಟು, ಬೆಳಗ್ಗೆ 6ರಿಂದ 2, 2ರಿಂದ 10, 10ರಿಂದ ಮತ್ತೆ ಬೆಳಗ್ಗೆ 6. ಆವಾಗ ವಯಸ್ಸು 38. ಒಂದ್ಸಲ ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ, ಅಂದ್ರೆ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರ್ಸೋ ಲೆಕ್ಕ, 6.1 ಬಂತು. 5.7ರಿಂದ 6.4ರವರೆಗೆ ಬಂದ್ರೆ ಸಕ್ಕರೆ ಕಾಯಿಲೆ ಬಾಗಿಲಿಗೆ ಬಂದು ನಿಂತಿದೆ ಅಂತ ಲೆಕ್ಕ, 6.5 ಮುಟ್ಟಿದ್ರೆ ಒಳಗೇ ಬಂತು ಅಂತ. ನಮ್ಮಪ್ಪ ಸಕ್ಕರೆ ಕಾಯಿಲೆಯಿಂದ ಕಾಲಿನ ಎರಡು ಬೆರಳು ಕಳ್ಕೊಂಡಿದ್ದನ್ನ ಪಕ್ಕದಲ್ಲೇ ಇದ್ದು ನೋಡಿದೋನು ನಾನು, ಭಯ ಬಿದ್ದು ಮಾರನೇ ದಿನಾನೇ ಓಡೋಕೆ ಶುರು ಮಾಡ್ದೆ.

ಏನ್ ಮಾಡ್ತಿದ್ದೆ ಅಂದ್ರೆ, ನೈಟ್ ಶಿಫ್ಟ್ ಮುಗಿಸಿ 6 ಗಂಟೆಗೆ ಆಚೆ ಬಂದು ನೇರ ಗ್ರೌಂಡಿಗೆ ಹೋಗಿ 5 ಕಿಲೋಮೀಟರ್ ಓಡ್ತಿದ್ದೆ, ಮನೆಗೆ ಬಂದು ಸ್ನಾನ ಮಾಡಿ ಮಗಳನ್ನ ಸ್ಕೂಲಿಗೆ ಬಿಟ್ಟು ಮಲಗೋ ಹೊತ್ತಿಗೆ ಒಂಬತ್ತೂವರೆ, ಒಂದು ಗಂಟೆಗೆಲ್ಲ ಬಿಸಿಲಿಗೋ ಕುಕ್ಕರ್ ಸದ್ದಿಗೋ ಎಚ್ಚರ. ಅಲ್ಲಿಗೆ ಮೂರೂವರೆ ಗಂಟೆ ನಿದ್ದೆ. ಡಯಟ್ ಅಂತ ಸಂಜೆ ಊಟ ಬಿಡ್ತಿದ್ದೆ, ರಾತ್ರಿ ಮೂರು ಗಂಟೆಗೆ ತಡೆಯೋಕಾಗದಂಥ ಹಸಿವು, ಕ್ಯಾಂಟೀನಲ್ಲಿ ಬನ್ನು, ಎರಡು ಲೋಟ ಟೀ. ಹೀಗೇ ಮೂರು ತಿಂಗಳು. ಒಂದು ದಿನ ಬೆಳಗ್ಗೆ ಓಡಿ ಮುಗಿಸಿ ಗಾಡೀಲಿ ವಾಪಸ್ ಬರ್ತಾ ತುಮಕೂರು ರಸ್ತೇಲಿ ಎಂಟನೇ ಮೈಲಿ ಅನ್ನೋ ಜಾಗ ದಾಟಿದ್ದು ನೆನಪಿದೆ, ಅದಾದ್ಮೇಲೆ ನೆನಪಿರೋದು ಹಿಂದಿದ್ದ ಲಾರಿಯೋನು ಒಂದೇ ಸಮ ಹಾರ್ನ್ ಹೊಡೀತಿದ್ದಿದ್ದು, ನನ್ನ ಗಾಡಿ ಡಿವೈಡರ್ ಪಕ್ಕ ಒಂದಡಿ ದೂರದಲ್ಲಿ ಹೋಗ್ತಿತ್ತು. ಕಣ್ಣು ತೆರೆದೇ ಇತ್ತು ಅಂತ ನನಗನ್ಸಿತ್ತು. ಗಾಡಿ ಬದಿಗೆ ಹಾಕಿ ಕೂತ್ಕೊಂಡೆ, ಅರ್ಧ ಗಂಟೆ ಕೈ ನಡುಕ ನಿಲ್ಲಲಿಲ್ಲ.

ಆಮೇಲೆ ಹೋಗಿದ್ದು ನಮ್ಮೂರ ಹತ್ರದ ಒಬ್ಬ ವಯಸ್ಸಾದ ಡಾಕ್ಟ್ರ ಹತ್ರ. ಅವರು ಊಟ ವ್ಯಾಯಾಮ ಯಾವುದನ್ನೂ ಕೇಳ್ದೆ ಮೊದ್ಲು ಕೇಳಿದ್ದು, ದಿನಕ್ಕೆ ಎಷ್ಟು ಗಂಟೆ ಮಲಗ್ತೀರಪ್ಪಾ ಅಂತ. ಹೇಳ್ದೆ. ಒಂದು ತಿಂಗಳು ಓಡೋದು ನಿಲ್ಸಿ, ಮಲಗೋದನ್ನ ಸರಿ ಮಾಡ್ಕೊಂಡು ಬನ್ನಿ ಅಂದ್ರು. ನಿದ್ದೆ ಕಮ್ಮಿ ಆದಾಗ ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲ್ಲ, ಹಸಿವು ಎಬ್ಬಿಸೋ ಹಾರ್ಮೋನು ಏರುತ್ತೆ, ಹೊಟ್ಟೆ ತುಂಬ್ತು ಅಂತ ಹೇಳೋ ಹಾರ್ಮೋನು ಇಳಿಯುತ್ತೆ, ಅದಕ್ಕೇ ನಿಮಗೆ ಮೂರು ಗಂಟೆ ರಾತ್ರೀಲಿ ಬನ್ನೇ ಬೇಕು ಅನ್ಸೋದು ಅಂದ್ರು. ವ್ಯಾಯಾಮದಲ್ಲಿ ದಣಿದ ಸ್ನಾಯು ರಿಪೇರಿ ಆಗೋದೂ ಹೆಚ್ಚಾಗಿ ಮಲಗಿದಾಗಲೇ ಅಂತೆ. ನಾನು ನಿದ್ದೆ ಕಿತ್ಕೊಂಡು ವ್ಯಾಯಾಮಕ್ಕೆ ಕೊಡ್ತಿದ್ದೆ, ಆ ವ್ಯಾಯಾಮ ಮೈಗೆ ಹತ್ತೋದಾದ್ರೂ ಎಲ್ಲಿಂದ? ನಿಮ್ಮ ಪ್ರಶ್ನೇಲಿ ಜಿಮ್ ಬಗ್ಗೆ ಇದೆ, ಅನ್ನದ ಬಗ್ಗೆ ಇದೆ, ನಿದ್ದೆ ಬಗ್ಗೆ ಒಂದೇ ಒಂದು ಸಾಲಿಲ್ಲ ನೋಡಿ.

ಹಗಲು ನಿದ್ದೆ ತಾನಾಗೇ ಬರಲ್ಲ, ಅದಕ್ಕೆ ವ್ಯವಸ್ಥೆ ಮಾಡ್ಕೋಬೇಕು. ನಮ್ಮ ಮೈಯೊಳಗೆ ಬೆಳಕು ನೋಡ್ಕೊಂಡು ನಡೆಯೋ ಗಡಿಯಾರ ಇದೆ, ಅದು ಹೇಗೆ ನಡೆಯುತ್ತೆ ಅಂತ ಕಂಡುಹಿಡಿದ ಮೂರು ಜನ ಅಮೆರಿಕನ್ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು. ಬೆಳಗಿನ ಬಿಸಿಲು ಕಣ್ಣಿಗೆ ಬಿದ್ರೆ ಅದು ಎದ್ದೇಳು ಅಂತಾನೇ ಹೇಳುತ್ತೆ. ಹಾಗಾಗಿ ನೈಟ್ ಶಿಫ್ಟ್ ವಾರ ನಾನು ಗಾಡಿ ಮುಟ್ಟಲ್ಲ, ಬಸ್ಸಲ್ಲಿ ಬರ್ತೀನಿ, ಟೋಪಿ ಕಣ್ಣಿನ ತನಕ ಎಳ್ಕೊಂಡು. ಮನೇಲಿ ಮಲಗೋ ರೂಮಿನ ಕಿಟಕಿಗೆ ನಮ್ಮತ್ತೆ ಕೊಟ್ಟಿದ್ದ ಹಳೇ ಜಮಖಾನ ಮಡಚಿ ಮೊಳೆ ಹೊಡೆದಿದೀವಿ, ಹಗಲು ಹನ್ನೆರಡಕ್ಕೂ ಒಳಗೆ ಕೈ ಕಾಣಲ್ಲ. ಫೋನು ಅಡುಗೆಮನೆ ಶೆಲ್ಫ್ ಮೇಲೆ. ಬೇಳೆ ಬೇಯಿಸೋದು ನಾನು ಎದ್ದ ಮೇಲೇನೇ ಅಂತ ನಮ್ಮನೆಯವಳೇ ಹೇಳಿದ್ಲು, ಆ ಒಂದು ಮಾತಿಗೆ ನಾನು ಎಷ್ಟು ಋಣಿ ಅಂದ್ರೆ ಹೇಳಕ್ಕಾಗಲ್ಲ. ರಾತ್ರಿ ಒಂದೂವರೆ ಆದ್ಮೇಲೆ ಟೀ ಇಲ್ಲ, ಯಾಕಂದ್ರೆ ಕುಡಿದ ಕೆಫೀನಲ್ಲಿ ಅರ್ಧ ಐದು ಗಂಟೆ ಆದ್ಮೇಲೂ ಮೈಯಲ್ಲೇ ಇರುತ್ತೆ. ಬೆಳಗ್ಗೆ 8ರಿಂದ ಒಂದೂವರೆ, ಮತ್ತೆ ಸಂಜೆ ಆರೂವರೆಯಿಂದ 8, ಎರಡು ಕಂತಲ್ಲಿ ಏಳು ಗಂಟೆ. ದೊಡ್ಡೋರಿಗೆ ಕನಿಷ್ಠ ಅಷ್ಟು ಬೇಕು. ಒಂದೇ ಸಲ ಆಗದಿದ್ರೆ ಕಂತಲ್ಲಾದ್ರೂ ಆಗ್ಲಿ, ಕಮ್ಮಿ ಆಗೋದು ಬೇಡ.

ಊಟದ ವಿಷಯಕ್ಕೆ ಬಂದ್ರೆ ನನ್ನ ದೊಡ್ಡ ತಪ್ಪು ರಾಗಿ ಮುದ್ದೆ ಮೇಲಿನ ನಂಬಿಕೆ. ರಾಗಿ ಒಳ್ಳೇದು, ಸುಣ್ಣದಂಶ ಅಕ್ಕಿ ಗೋಧಿಗಿಂತ ಎಷ್ಟೋ ಜಾಸ್ತಿ, ಆದ್ರೆ ಅದ್ರಲ್ಲೂ ಹೆಚ್ಚಿನ ಪಾಲು ಪಿಷ್ಟಾನೇ ಇರೋದು. ಮುದ್ದೆ ತಿಂದ್ರೆ ಶುಗರ್ ಬರಲ್ಲ ಅಂದ್ಕೊಂಡು ಎರಡೆರಡು ದೊಡ್ಡ ಮುದ್ದೆ ಹೊಡೀತಿದ್ದೆ. ಬಸ್ಸಾರು ಮಾಡಿದ ದಿನ ಗಮನಿಸಿ, ದಂಟಿನ ಸೊಪ್ಪು ಹೆಸರುಕಾಳು ಬೇಯಿಸಿ, ನೀರು ಬಸಿದು, ಆ ಬಸಿದ ನೀರಿಗೆ ಖಾರ ರುಬ್ಬಿ ಹಾಕಿ ಸಾರು ಮಾಡ್ತಾರೆ, ಮೇಲುಳಿದ ಸೊಪ್ಪು ಕಾಳಿಗೆ ಒಗ್ಗರಣೆ ಹಾಕಿ ಕಾಯಿತುರಿ ಉದುರಿಸಿದ್ರೆ ಪಲ್ಯ. ನಾನು ಮುದ್ದೆ ಮುರಿದು ಸಾರಲ್ಲಿ ಅದ್ದಿ ಅದ್ದಿ ನುಂಗಿ, ಪಲ್ಯ ತಟ್ಟೆ ಅಂಚಲ್ಲಿ ಎರಡು ಚಮಚ ನೆಂಚ್ಕೊಂಡು ಏಳ್ತಿದ್ದೆ. ನಾರು, ಪ್ರೊಟೀನು ಎಲ್ಲ ಇದ್ದಿದ್ದು ಆ ಪಲ್ಯದಲ್ಲಿ. ಈಗ ಮೊದ್ಲು ಒಂದು ಬಟ್ಟಲು ಪಲ್ಯ ಖಾಲಿ ಮಾಡಿ ಆಮೇಲೆ ಒಂದು ಸಣ್ಣ ಮುದ್ದೆ. ಅಡುಗೆ ಅದೇ, ಖರ್ಚು ಅದೇ, ತಿನ್ನೋ ಕ್ರಮ ಮಾತ್ರ ಬದಲಾಯ್ತು. ನೀವೂ ಅನ್ನ ಪೂರ್ತಿ ಬಿಟ್ಟು ಹಸ್ಕೊಂಡು ಕೆಲಸಕ್ಕೆ ಹೋಗ್ಬೇಡಿ, ದಯವಿಟ್ಟು. ಪ್ರೊಟೀನ್ ದಿನಕ್ಕೆ ಕೆಜಿ ತೂಕಕ್ಕೆ 0.83 ಗ್ರಾಂ ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಲೆಕ್ಕ, 70 ಕೆಜಿ ಇರೋರಿಗೆ ಸುಮಾರು 58 ಗ್ರಾಂ, ಒಂದು ಮೊಟ್ಟೇಲಿ 6 ಗ್ರಾಂ, ಮಿಕ್ಕಿದ್ದು ಕಾಳು, ಬೇಳೆ, ಮೊಸರಲ್ಲಿ ಬರಬೇಕು.

ಇನ್ನೊಂದು ವಿಷಯ, ಅದೇ ಊಟ ಹಗಲು ಮಾಡಿದ್ರೆ ಏರೋದಕ್ಕಿಂತ ನಡುರಾತ್ರಿ ಮಾಡಿದ್ರೆ ಸಕ್ಕರೆ ಜಾಸ್ತಿ ಏರುತ್ತೆ. ಅದಕ್ಕೇ ಹೊಟ್ಟೆ ತುಂಬ ಊಟ ಶಿಫ್ಟಿಗೆ ಹೊರಡೋ ಮುಂಚೇನೇ ಮುಗಿಸ್ತೀನಿ. ರಾತ್ರಿ ಒಂದು ಗಂಟೆಗೆ ಬರೋ ಬ್ರೇಕಲ್ಲಿ ಡಬ್ಬಿಯಿಂದ ಬೇಯಿಸಿದ ಮೊಟ್ಟೆ, ಒಂದು ಹಿಡಿ ಕಡ್ಲೆಕಾಯಿ, ಮಜ್ಜಿಗೆ. ಬನ್ನಿನ ಆಸೆ ಎರಡು ವಾರ ಕಾಡ್ತು, ಆಮೇಲೆ ಹೋಯ್ತು.

ವ್ಯಾಯಾಮ ಬಿಡಿ ಅಂತ ಹೇಳ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರೋದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಜೊತೆಗೆ ಎರಡು ದಿನ ಸ್ನಾಯು ಗಟ್ಟಿ ಮಾಡೋ ವ್ಯಾಯಾಮ. ಅರ್ಧ ಗಂಟೆ ಬಿರುಸಾಗಿ ನಡೆದ್ರೆ ಐದು ದಿನಕ್ಕೆ 150 ಆಗೇಹೋಯ್ತು. ಎರಡು ದಿನ ಬಸ್ಕಿ, ದಂಡ, ಮನೇಲೇ. ಬಿರುಸಿನದೆಲ್ಲ ಹಗಲು ಶಿಫ್ಟ್ ವಾರಗಳಲ್ಲಿ ಇಟ್ಕೊಳ್ಳಿ, ನೈಟ್ ವಾರ ಊಟ ಆದ್ಮೇಲೆ ಹತ್ತು ಹದಿನೈದು ನಿಮಿಷ ನಡೆದ್ರೆ ಸಾಕು.

ವಿಶ್ರಾಂತಿ ಬಗ್ಗೆ ಯಾರೂ ಹೇಳದೇ ಇರೋ ಒಂದು ಮಾತಿದೆ, ಅದಕ್ಕೆ ದುಡ್ಡು ಖರ್ಚಾಗುತ್ತೆ. ನಾನು ಭಾನುವಾರದ ಓಟಿ (ಓವರ್‌ಟೈಮ್) ಬಿಟ್ಟೆ, ತಿಂಗಳಿಗೆ ಎರಡು ಸಾವಿರದ ಮೇಲೆ ಕಮ್ಮಿ ಆಯ್ತು. ಗಂಡ ಹೆಂಡ್ತಿ ಕೂತು ಚೀಟಿ, ಸ್ಕೂಲ್ ಫೀಸು ಎಲ್ಲ ಲೆಕ್ಕ ಹಾಕಿ, ಚೀಟಿ ಒಂದನ್ನ ಕೈಬಿಟ್ವಿ. ಇದು ಎಲ್ರಿಗೂ ಆಗೋ ಮಾತಲ್ಲ ಅಂತ ಗೊತ್ತು, ಸಾಲ ಇರೋರು ಓಟಿ ಬಿಡೋಕೆ ಹೇಗಾಗುತ್ತೆ? ತಿಂಗಳಲ್ಲಿ ಒಂದು ಭಾನುವಾರನಾದ್ರೂ ಬಿಡೋಕಾಗುತ್ತಾ ನೋಡಿ.

ಐದು ತಿಂಗಳಾದ್ಮೇಲೆ ಎಚ್‌ಬಿಎ1ಸಿ 5.8ಕ್ಕೆ ಇಳೀತು, ತೂಕ 81ರಿಂದ 77. ಇನ್ನೂ ಆ 5.7ರಿಂದ 6.4ರ ಒಳಗೇ ಇದೀನಿ, ಆದ್ರೆ ಮಗಳ ಜೊತೆ ಸಂಜೆ ಶಟಲ್ ಆಡೋವಷ್ಟು ಚೈತನ್ಯ ಇದೆ, ಆಗ ಅದಿರಲಿಲ್ಲ.

ನಿಮಗೆ ಗೊರಕೆ ಇದ್ದು ನಿದ್ದೇಲಿ ಉಸಿರು ಕಟ್ಟಿದಂಗೆ ಆಗುತ್ತೆ ಅಂತ ಮನೆಯವರು ಹೇಳಿದ್ರೆ, ಇಲ್ಲ ಏಳು ಗಂಟೆ ಮಲಗಿದ್ರೂ ಸುಸ್ತು ಹೋಗದಿದ್ರೆ, ಡಾಕ್ಟ್ರ ಹತ್ರ ಹೋಗಿ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ನೋಡಿಸಿ. ಶುಗರ್ ಮಾತ್ರೆ ತಗೊಳ್ತಿದ್ರೆ ಊಟದ ಹೊತ್ತು ಬದಲಾಯಿಸೋ ಮುಂಚೆ ಅವರನ್ನ ಕೇಳಿ.

ಈ ವಾರ ಯಾವ ಶಿಫ್ಟು ಅಂತ ನೀವು ಬರೆದಿಲ್ಲ. ನೈಟ್ ಆಗಿದ್ರೆ ನಾಳೆ ಬೆಳಗ್ಗೆ ಜಿಮ್ ಕಡೆ ಹೋಗ್ಬೇಡಿ, ನೇರ ಮನೆಗೆ ಹೋಗಿ ಮಲ್ಕೊಳ್ಳಿ. ಒಂದು ವಾರ ಎಷ್ಟೆಷ್ಟು ಗಂಟೆ ನಿದ್ದೆ ಆಯ್ತು, ರಾತ್ರಿ ಏನು ತಿಂದ್ರಿ ಅಂತ ಬರೆದಿಟ್ಟು ಇಲ್ಲೇ ಹಾಕಿ, ನೋಡಿ ಹೇಳ್ತೀನಿ.