ಆದಿಕಾಂಡದ ಆರು ದಿನಗಳು 24 ಗಂಟೆಯವೇ? ಹಾಗಾದರೆ ಗೊರೂರಿನ ಬಂಡೆಗೆ ಏನು ಹೇಳುವುದು?

ನಿಮ್ಮ ಪ್ರಶ್ನೆ ಇಷ್ಟು: ಹಾಸನದ ನಿಮ್ಮ ಸಭೆಯ ಯುವಕರ ಕೂಟದಲ್ಲಿ ಒಬ್ಬರು ಬೈಬಲಿನ ಮೊದಲ ಪುಸ್ತಕ ಆದಿಕಾಂಡ ಹೇಳುವ ಸೃಷ್ಟಿಯ ದಿನ ಎಂದರೆ 24 ಗಂಟೆಯೇ ಎಂದು ಪಟ್ಟು ಹಿಡಿದಿದ್ದಾರೆ. ಇನ್ನೊಬ್ಬರು ದಿನಕ್ಕೆ ಸಾವಿರ ವರ್ಷ ಎನ್ನುತ್ತಾರೆ. ಭೂವಿಜ್ಞಾನ ಓದುವ ಹುಡುಗಿಯೊಬ್ಬಳು ಹಾಸನದ ಹತ್ತಿರದ ಗೊರೂರಿನ ನೈಸ್ ಶಿಲೆಗೆ (ಶಾಖ, ಒತ್ತಡಕ್ಕೆ ಸಿಕ್ಕಿ ಪಟ್ಟೆಪಟ್ಟೆಯಾದ ಬಂಡೆ) ಸುಮಾರು 330 ಕೋಟಿ ವರ್ಷ ಎಂದಿದ್ದಾಳೆ. ಯಾರದು ಸರಿ?

ಇಲ್ಲಿ ಎರಡು ಪ್ರಶ್ನೆಗಳು ಗಂಟು ಬಿದ್ದಿವೆ, ಮೊದಲು ಅದನ್ನು ಬಿಡಿಸಿ. ದಿನ ಎಷ್ಟು ಉದ್ದ ಎಂಬುದು ಬೇರೆ, ಭೂಮಿಗೆ ಎಷ್ಟು ವಯಸ್ಸು ಎಂಬುದು ಬೇರೆ. ಭೂಮಿಗೆ ಆರು ಸಾವಿರ ವರ್ಷ ಎಂಬ ಲೆಕ್ಕ ಆದಿಕಾಂಡದ ಮೊದಲ ಅಧ್ಯಾಯದಲ್ಲಿಲ್ಲ. 5 ಮತ್ತು 11ನೇ ಅಧ್ಯಾಯಗಳ ವಂಶಾವಳಿಯಲ್ಲಿರುವ ವಯಸ್ಸುಗಳನ್ನು ಕೂಡಿಸುತ್ತಾ ಹೋದಾಗ ಅದು ಬರುತ್ತದೆ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಹೀಗೇ ಲೆಕ್ಕ ಹಾಕಿ ಸೃಷ್ಟಿಯನ್ನು ಕ್ರಿ.ಪೂ. 4004ಕ್ಕೆ ನಿಲ್ಲಿಸಿದರು. ದಿನಗಳು 24 ಗಂಟೆಯವೇ, ಆದರೂ ಭೂಮಿ ಬಹಳ ಹಳೆಯದು ಎನ್ನುವವರೂ ಇದ್ದಾರೆ. ಮೊದಲ ಅಧ್ಯಾಯದ ಮೊದಲೆರಡು ವಚನಗಳ (1:1 ಮತ್ತು 1:2) ನಡುವೆ ದೀರ್ಘ ಕಾಲ ಕಳೆದಿದೆ ಎಂಬುದು ಅವರ ವಾದ. ಆ ಅಂತರಕ್ಕೆ ಪಠ್ಯದಲ್ಲಿ ಆಧಾರ ತೀರಾ ತೆಳು, ಅದನ್ನು ಇಲ್ಲಿಗೇ ಬಿಡುತ್ತೇನೆ.

ಸಾವಿರ ವರ್ಷದ ವಾದವನ್ನಂತೂ ಕೈಬಿಡುವುದೇ ಒಳ್ಳೆಯದು. 2 ಪೇತ್ರ 3:8 ಒಂದು ದಿನ ಸಾವಿರ ವರ್ಷದಂತೆ ಎಂದ ಮೇಲೆ, ಸಾವಿರ ವರ್ಷ ಒಂದು ದಿನದಂತೆ ಎಂದೂ ಹೇಳುತ್ತದೆ. ಕೀರ್ತನೆ 90:4 ಅದೇ ಸಾವಿರ ವರ್ಷವನ್ನು ರಾತ್ರಿಯ ಒಂದು ಜಾವಕ್ಕೂ ಹೋಲಿಸುತ್ತದೆ. ಇವು ಅಳತೆಯ ಕೋಷ್ಟಕಗಳಲ್ಲ. ಹಾಗೆಂದು ಗುಣಿಸಿದರೂ ಸಿಗುವುದು ಆರು ಸಾವಿರ ವರ್ಷ. ಗೊರೂರಿನ ಶಿಲೆಯ ವಯಸ್ಸು ಅದರ ಐದೂವರೆ ಲಕ್ಷ ಪಟ್ಟು. ಯಾರಿಗೂ ಉಪಯೋಗವಿಲ್ಲದ ರಾಜಿ.

24 ಗಂಟೆಯ ಪಕ್ಷವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ದಿನಗಳಿಗೆ ಕ್ರಮಸಂಖ್ಯೆ ಇದೆ, ಆರರಲ್ಲೂ ಸಾಯಂಕಾಲ, ಪ್ರಾತಃಕಾಲ ಎಂಬ ಪಲ್ಲವಿ ಇದೆ, ವಿಮೋಚನಕಾಂಡ 20:11 ಸಬ್ಬತ್ತಿನ (ಏಳನೆಯ ದಿನದ ವಿಶ್ರಾಂತಿಯ) ಆಜ್ಞೆಗೆ ಈ ಆರು ದಿನಗಳನ್ನೇ ಕಾರಣ ಕೊಡುತ್ತದೆ. ತೊಡಕು ಶುರುವಾಗುವುದು ಆದಿಕಾಂಡ 1:14ರಲ್ಲಿ. ಹಗಲಿರುಳನ್ನು ಬೇರೆ ಮಾಡುವ ಜ್ಯೋತಿಗಳು ಬರುವುದೇ ನಾಲ್ಕನೆಯ ದಿನ. ಹಾಗಾದರೆ ಮೊದಲ ಮೂರು ದಿನಗಳ ಸಾಯಂಕಾಲ ಎಂಥದ್ದು? ಮೂರನೆಯ ಶತಮಾನದ ಕ್ರೈಸ್ತ ಪಂಡಿತ ಒರಿಜೆನ್ ಈ ಪ್ರಶ್ನೆಯನ್ನು ಆಗಲೇ ಎತ್ತಿದ್ದ. ಸೂರ್ಯನಿಗೆ ಮೊದಲೇ ಬೆಳಕಿತ್ತಲ್ಲ ಎಂದು ನಾಲ್ಕನೆಯ ಶತಮಾನದ ಬಿಷಪ್ ಬೆಸಿಲ್ 24 ಗಂಟೆಯನ್ನೇ ಹಿಡಿದ. ಎಲ್ಲವೂ ಒಂದೇ ಕ್ಷಣದಲ್ಲಿ ಸೃಷ್ಟಿಯಾಯಿತು, ದಿನಗಳು ಕಾಲದ ಅಳತೆಯಲ್ಲ ಎಂದು ನಾಲ್ಕು-ಐದನೆಯ ಶತಮಾನದ ಬಿಷಪ್ ಅಗಸ್ಟಿನ್ ಬರೆದ. ಆದ್ದರಿಂದ ‘ವಿಜ್ಞಾನಕ್ಕೆ ಹೆದರಿ ಅರ್ಥ ಬದಲಿಸಿದರು’ ಎಂಬ ಮಾತು ನಿಲ್ಲುವುದಿಲ್ಲ; ಇವರ ಕಾಲಕ್ಕೆ ಭೂವಿಜ್ಞಾನವೇ ಇರಲಿಲ್ಲ.

ಪ್ರತಿ ದಿನವೂ ಒಂದು ಯುಗ ಎಂಬ ವ್ಯಾಖ್ಯಾನ ಮೊದಲ ನೋಟಕ್ಕೆ ಹಿತವಾಗಿದೆ. ಆದರೆ ಕ್ರಮ ಹೊಂದುವುದಿಲ್ಲ: ಹಣ್ಣಿನ ಮರಗಳು ಮೂರನೆಯ ದಿನ, ಮೀನು ಐದನೆಯ ದಿನ. ಶಿಲೆಗಳಲ್ಲಿರುವ ಪಳೆಯುಳಿಕೆಗಳ ಕ್ರಮ ಇದಕ್ಕೆ ತಿರುಗುಮುರುಗು. ದಿನವನ್ನು ಎಷ್ಟೇ ಎಳೆದರೂ ಇದು ಸರಿಹೋಗದು.

ನನಗೆ ಹೆಚ್ಚು ಒಪ್ಪುವುದು ಚೌಕಟ್ಟಿನ ಓದು: ಆರು ದಿನಗಳು ಕಾಲಕ್ರಮವಲ್ಲ, ವಿಷಯವನ್ನು ಜೋಡಿಸುವ ಚೌಕಟ್ಟು. ಒಂದು ಹಾಳೆಯಲ್ಲಿ ಎರಡು ಸಾಲು ಬರೆಯಿರಿ. ಎಡಗಡೆ 1, 2, 3: ಬೆಳಕು, ಆಕಾಶ ಮತ್ತು ನೀರು, ಒಣನೆಲ ಮತ್ತು ಸಸ್ಯ. ಬಲಗಡೆ 4, 5, 6: ಜ್ಯೋತಿಗಳು; ಹಕ್ಕಿ ಮತ್ತು ಮೀನು; ಪ್ರಾಣಿ ಮತ್ತು ಮನುಷ್ಯ. ಮೊದಲು ನೆಲೆ, ಆಮೇಲೆ ಆ ನೆಲೆಯಲ್ಲಿ ಇರುವವರು. ಎಂಟು ಸೃಷ್ಟಿಕಾರ್ಯಗಳನ್ನು ಆರು ದಿನಕ್ಕೆ ಹಂಚಿ, ಮೂರಕ್ಕೂ ಆರಕ್ಕೂ ಎರಡೆರಡು ಇಟ್ಟಿರುವುದರಲ್ಲೇ ಬರೆದವನ ಕೈಚಳಕ ಕಾಣುತ್ತದೆ. ಇದರಲ್ಲೂ ಬಿರುಕಿದೆ: ಜ್ಯೋತಿಗಳನ್ನು ಇಡುವುದು ಎರಡನೆಯ ದಿನದ ಆಕಾಶಮಂಡಲದಲ್ಲಿ, ಮೀನು ತುಂಬುವುದು ಮೂರನೆಯ ದಿನ ಹೆಸರು ಪಡೆದ ಸಮುದ್ರಗಳನ್ನು. ಜೋಡಿ ಪೂರ್ತಿ ಕೂಡುವುದಿಲ್ಲ.

ಇಂಥ ಕೂಟಗಳ ಚರ್ಚೆಯಲ್ಲಿ ಸಾಮಾನ್ಯವಾಗಿ ಯಾರೂ ತೆಗೆಯದ ವಚನ ಆದಿಕಾಂಡ 2:5. ಹೊಲದ ಗಿಡ ಇನ್ನೂ ಇರಲಿಲ್ಲ, ಏಕೆಂದರೆ ದೇವರು ಮಳೆ ಸುರಿಸಿರಲಿಲ್ಲ ಎಂಬ ಕಾರಣ ಅಲ್ಲಿದೆ. ಅಮೆರಿಕದ ಬೈಬಲ್ ವಿದ್ವಾಂಸ ಮೆರೆಡಿತ್ ಕ್ಲೈನ್ 1958ರಲ್ಲಿ ಎತ್ತಿದ್ದು ಇದನ್ನೇ: ಸಮುದ್ರದಿಂದ ನೆಲ ಎದ್ದು ಒಂದೆರಡು ದಿನವಷ್ಟೇ ಆಗಿದ್ದರೆ ಮಳೆಯ ಕೊರತೆ ಕಾರಣವಾಗುವುದು ಹೇಗೆ? ಶೆಟ್ಟಿಹಳ್ಳಿಯ ಹತ್ತಿರ ಹೇಮಾವತಿಯ ಹಿನ್ನೀರು ಇಳಿದ ನೆಲದಲ್ಲಿ ಹುಲ್ಲು ಮಳೆಗೆ ಕಾಯುವುದಿಲ್ಲವಲ್ಲ. ಇದು ಎರಡನೆಯ ಅಧ್ಯಾಯದ ತೋಟದ ಮಾತು ಮಾತ್ರ, ಇಡೀ ಭೂಮಿಯದ್ದಲ್ಲ ಎಂದು 24 ಗಂಟೆಯವರು ಉತ್ತರಿಸುತ್ತಾರೆ. ಅದೂ ತಳ್ಳಿಹಾಕುವಂಥದ್ದಲ್ಲ.

ವಿಮೋಚನಕಾಂಡ 20:11 24 ಗಂಟೆ ಎನ್ನುವ ನಿಮ್ಮ ಗೆಳೆಯರ ಬಲವಾದ ಅಸ್ತ್ರ. ಅದರ ಪಕ್ಕದಲ್ಲಿ 31:17 ಇಟ್ಟು ಓದಿ: ದೇವರು ವಿಶ್ರಮಿಸಿ ದಣಿವಾರಿಸಿಕೊಂಡನು ಎಂದಿದೆ. ದೇವರು ನಿಜಕ್ಕೂ ದಣಿದ ಎಂದು ಸಭೆಯಲ್ಲಿ ಯಾರೂ ಹೇಳುವುದಿಲ್ಲ. ಯಾಜಕಕಾಂಡ 25ರಲ್ಲಿ ಇದೇ ಆರು ಮತ್ತು ಒಂದರ ಮಾದರಿ ವರ್ಷಗಳಿಗೆ ಬಂದಿದೆ: ಆರು ವರ್ಷ ಬಿತ್ತನೆ, ಏಳನೆಯ ವರ್ಷ ಬೀಳು. ಆದಿಕಾಂಡದಲ್ಲಿ ಏಳನೆಯ ದಿನಕ್ಕೆ ಸಾಯಂಕಾಲದ ಪಲ್ಲವಿಯೇ ಇಲ್ಲ. ಇಬ್ರಿಯರಿಗೆ ಪತ್ರದ 4ನೇ ಅಧ್ಯಾಯ ಆ ವಿಶ್ರಾಂತಿಗೆ ಸೇರುವ ಬಾಗಿಲು ಇನ್ನೂ ತೆರೆದಿದೆ ಎನ್ನುತ್ತದೆ.

ಕೂಟದಲ್ಲಿ ಕಥೋಲಿಕರಿದ್ದರೆ ಅವರಿಗೆ ಇದು ಹಳೆಯ ವಿಷಯ. 1909ರಲ್ಲೇ ಅವರ ಬೈಬಲ್ ಆಯೋಗ ಸಹಜ ದಿನ ಎಂದಾಗಲಿ ಕಾಲಾವಧಿ ಎಂದಾಗಲಿ ಓದಲು ಬಿಟ್ಟಿದೆ. ಮುಂದಿನ ಸಲ ಸೇರುವಾಗ ಆದಿಕಾಂಡ 1:14–19, 2:1–3, 2:5, ವಿಮೋಚನಕಾಂಡ 20:11 ಈ ನಾಲ್ಕನ್ನು ಮಾತ್ರ ಇಟ್ಟುಕೊಂಡು, ಒಂದೊಂದಕ್ಕೂ ತಮ್ಮ ಪಕ್ಷದ ಉತ್ತರವನ್ನು ಬರೆದು ತರಲು ಹೇಳಿ. ಬಂಡೆಯ ವಯಸ್ಸನ್ನು ಅದರೊಳಗಿನ ರುಬಿಡಿಯಂ ಮತ್ತು ಅದು ನಿಧಾನವಾಗಿ ಕ್ಷಯಿಸಿ ಆಗುವ ಸ್ಟ್ರಾಂಷಿಯಂ ಪ್ರಮಾಣದಿಂದ ಅಳೆದಿದ್ದಾರೆ. ಅದನ್ನು ಪ್ರಶ್ನಿಸುವವರು ಆ ಅಳತೆಯಲ್ಲೇ ತಪ್ಪು ತೋರಿಸಬೇಕು, ವಚನ ತೋರಿಸಿದರೆ ಸಾಲದು.