ಪದ್ಮಿನಿಯ ಬಂಪರ್‌ಗೆ ಬಣ್ಣ ಹೊಡೆಸಬೇಕು. ಕ್ರೋಮ್ ಆಗದ ಪಾರ್ಟ್ ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತದೆ, ಹೇಗೆ ರೆಡಿ ಮಾಡಬೇಕು?

ಪ್ರೀಮಿಯರ್ ಪದ್ಮಿನಿಯ ಬಂಪರ್, ಹೆಡ್‌ಲೈಟ್ ರಿಂಗ್, ಡೋರ್ ಹ್ಯಾಂಡಲ್‌ಗಳಿಗೆ ಗಾಡಿಯ ಬಣ್ಣವನ್ನೇ ಹೊಡೆಸಬೇಕು ಅಂದಿದ್ದೀರಿ. ಈಗಿರುವ ಕ್ರೋಮ್ ಮೇಲೆಯೇ ಎಮರಿ ಉಜ್ಜಿ ಹೊಡೆದುಕೊಡುತ್ತೇನೆ ಅಂತ ನಿಮ್ಮ ಪೇಂಟರ್ ಹೇಳಿದ್ದಾರೆ. ದಯವಿಟ್ಟು ಒಪ್ಪಬೇಡಿ. ಕ್ರೋಮ್ ಗಟ್ಟಿ, ನುಣುಪು. ಬಣ್ಣಕ್ಕೆ ಅಲ್ಲಿ ಹಿಡಿತ ಸಿಗುವುದು ಕಷ್ಟ. ಮೊದಲ ಕಲ್ಲೇಟು ಬಿದ್ದ ಜಾಗದಿಂದ ಸಿಪ್ಪೆ ಏಳಲು ಶುರುವಾಗುತ್ತದೆ. ಉಜ್ಜುವಾಗ ಕ್ರೋಮ್ ಕೆಳಗಿರುವ ನಿಕ್ಕಲ್ ಪದರದಿಂದ ಏಳುವ ಧೂಳು ಉಸಿರಿಗೂ ಒಳ್ಳೆಯದಲ್ಲ.

ಮೊದಲು ಜೆ.ಸಿ. ರೋಡ್‌ಗೆ ಹೋಗಿ. ಹಳೇ ಫಿಯೆಟ್, ಅಂಬಾಸಿಡರ್ ಪಾರ್ಟ್ ಗೊತ್ತಿರುವ ಅಂಗಡಿಯವರನ್ನು ಹುಡುಕಿ, ಪ್ಲೇಟಿಂಗ್‌ಗೆ, ಅಂದರೆ ಕ್ರೋಮ್ ಲೇಪಕ್ಕೆ, ಹಾಕದ ಪೀಸ್ ಬೇಕು ಅಂತ ಬಿಡಿಸಿ ಹೇಳಿ. ಇಲ್ಲದಿದ್ದರೆ ದೆಹಲಿಯ ಕಾಶ್ಮೀರಿ ಗೇಟ್‌ನಿಂದ ತರಿಸಿಕೊಡಲು ಆಗುತ್ತದಾ ಕೇಳಿ. ಪದ್ಮಿನಿ ತಯಾರಾಗುವುದು ನಿಂತು 20 ವರ್ಷ ದಾಟಿದೆ, ಹಾಗಾಗಿ ಹೊಸದು ಅಂತ ಸಿಗುವುದರಲ್ಲಿ ಕಂಪನಿ ಮಾಲು ಕಡಿಮೆ. ತಗಡು ತೆಳ್ಳಗಿರಬಹುದು, ಬೋಲ್ಟ್ ತೂತು ಅಳತೆಗೆ ಕೂರದೆ ಇರಬಹುದು. ಬಣ್ಣಕ್ಕೆ ಮುಂಚೆ ಒಂದು ಸಲ ಗಾಡಿಗೆ ಕಟ್ಟಿ ನೋಡಲೇಬೇಕು. ತೂತು ಅಗಲ ಮಾಡುವುದು, ಅಂಚು ಅರ ಹಾಕುವುದು ಎಲ್ಲ ಆಗಲೇ ಮುಗಿಯಬೇಕು.

ನನ್ನನ್ನು ಕೇಳಿದರೆ, ಬಂಪರ್ ಮಟ್ಟಿಗೆ ಶಿವಾಜಿನಗರದ ಗುಜರಿಯೇ ಮೇಲು. ಕ್ರೋಮ್ ಹಾಳಾದ ಹಳೇ ಬಂಪರ್ ಬೇರೆಯವರಿಗೆ ಬೇಡ, ನಿಮಗೆ ಅದೇ ಸಾಕು, ಅಲ್ವಾ? ಹೊಳಪು ನೋಡಬೇಡಿ, ನೇರ ಇದೆಯಾ ನೋಡಿ. ತಿರುಗಿಸಿ ಹಿಂಬದಿಯ ಮಡಿಕೆಯನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ. ತಗಡು ಒಳಗೆ ಹೋದರೆ ಅಲ್ಲಿಗೇ ಬಿಡಿ. ಗಟ್ಟಿ ಇದ್ದರೆ ಪೀಣ್ಯದಲ್ಲಿ ಪ್ಲೇಟಿಂಗ್ ಮಾಡುವವರ ಹತ್ತಿರ ಕೊಟ್ಟು, ಹಳೇ ಕ್ರೋಮ್, ನಿಕ್ಕಲ್ ಎರಡನ್ನೂ ತೆಗೆದುಕೊಡಿ, ಹೊಸದು ಹಾಕಬೇಡಿ ಅನ್ನಿ. ವಾಪಸ್ ಬಂದ ಮೇಲೆ ಮಡಿಕೆಗಳ ಒಳಗೆ ಚೆನ್ನಾಗಿ ನೀರು ಹಾಯಿಸಿ ಬಿಸಿಗಾಳಿಯಲ್ಲಿ ಒಣಗಿಸಿ. ಕ್ರೋಮ್ ತೆಗೆಯುವಾಗ ಅಲ್ಲಿ ಉಳಿದ ಆ್ಯಸಿಡ್ ತಿಂಗಳುಗಳ ನಂತರ ಬಣ್ಣದ ಕೆಳಗಿಂದ ತುಕ್ಕಾಗಿ ಹೊರಬರುತ್ತದೆ.

ಇದು ಕಬ್ಬಿಣದ ಕಥೆ. ಹ್ಯಾಂಡಲ್, ಲೋಗೋ ತರದ ಸಣ್ಣ ಪಾರ್ಟ್‌ಗಳು ಬಹಳ ಸಲ ಜಿಂಕ್ ಎರಕ, ಮಜಾಕ್ ಅಂತಾರಲ್ಲ, ಅದು. ಯಾವ ಲೋಹ ಅಂತ ಗೊತ್ತಾಗದೆ ಏನನ್ನೂ ಕೊಡಬೇಡಿ. ಹಿಂಬದಿಯಲ್ಲಿ ಕೆರೆದು ಮ್ಯಾಗ್ನೆಟ್ ಹಿಡಿಯಿರಿ. ಗಟ್ಟಿಯಾಗಿ ಅಂಟಿದರೆ ಸಾಮಾನ್ಯವಾಗಿ ಕಬ್ಬಿಣ. ಅಂಟದೆ, ಭಾರವಾಗಿ, ಮಂಕು ಬೂದಿ ಬಣ್ಣ ಕಂಡರೆ ಜಿಂಕ್. ಹಗುರ ಇದ್ದರೆ ಅಲ್ಯುಮಿನಿಯಂ. ಜಿಂಕ್ ಪೀಸನ್ನು ಕಬ್ಬಿಣದ ಜೊತೆ ಆ್ಯಸಿಡ್ ತೊಟ್ಟಿಗೆ ಹಾಕಿದರೆ ತಿಂದುಹೋಗುತ್ತದೆ. ಕಾಸ್ಟಿಕ್ ಸೋಡಾ ಜಿಂಕ್, ಅಲ್ಯುಮಿನಿಯಂ ಎರಡಕ್ಕೂ ಆಗದು. ಪೌಡರ್ ಕೋಟಿಂಗ್ (ಪುಡಿ ಬಣ್ಣವನ್ನು ಓವನ್‌ನಲ್ಲಿ ಕಾಯಿಸಿ ಹಿಡಿಸುವುದು) ಕೂಡ ಹಳೇ ಜಿಂಕ್ ಎರಕಕ್ಕೆ ಬೇಡ. 180 ಡಿಗ್ರಿ ಓವನ್‌ನಲ್ಲಿ ಎರಕದ ಒಳಗೆ ಸಿಕ್ಕಿಕೊಂಡ ಗಾಳಿ ಹಿಗ್ಗಿ ಗುಳ್ಳೆ ಎಬ್ಬಿಸುತ್ತದೆ.

ಹೊಸ ಪೀಸ್ ನೋಡಲು ಕ್ಲೀನಾಗಿ ಕಾಣುತ್ತದೆ. ಆದರೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಸವರಿರುತ್ತಾರೆ. ಪ್ಲೇಟಿಂಗ್‌ಗೆ ಅಂತ ಬಫ್ ಹೊಡೆದಿದ್ದರೆ ಮೂಲೆಗಳಲ್ಲಿ ಪಾಲಿಶ್ ಮೇಣವೂ ಕೂತಿರುತ್ತದೆ. ಅದನ್ನು ಒರೆಸುವ ಮುಂಚೆ ಎಮರಿ ಹಿಡಿದರೆ ಜಿಡ್ಡನ್ನು ಗೀರುಗಳೊಳಗೆ ತುಂಬಿದ ಹಾಗಾಗುತ್ತದೆ. ಡಿಗ್ರೀಸರ್‌ನಲ್ಲಿ (ಜಿಡ್ಡು ತೆಗೆಯುವ ದ್ರವ) ಒರೆಸಿ, ಅದು ಆರುವ ಮುಂಚೆಯೇ ಇನ್ನೊಂದು ಒಣ ಬಟ್ಟೆಯಲ್ಲಿ ಎತ್ತಿಬಿಡಿ. ಬಟ್ಟೆ ಬದಲಿಸುತ್ತಾ ಇರಿ. ಆಮೇಲೆ ಕಬ್ಬಿಣಕ್ಕೆ 120ರಿಂದ 180 ನಂಬರ್ ಎಮರಿ, ಮತ್ತೆ ಒಂದು ಸಲ ಒರೆಸು, ಅದೇ ದಿನ ಎಪಾಕ್ಸಿ ಪ್ರೈಮರ್, ಅಂದರೆ ಬಣ್ಣದ ಕೆಳಗಿನ ಮೊದಲ ಕೋಟ್. ಜೂನ್‌ನಿಂದ ಅಕ್ಟೋಬರ್‌ವರೆಗಿನ ನಮ್ಮ ಊರಿನ ಹವೆಯಲ್ಲಿ ಬರೀ ಕಬ್ಬಿಣವನ್ನು ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆ ಕೆಂಪಗಾಗಿರುತ್ತದೆ. ಬರಿಗೈಲಿ ಮುಟ್ಟಬೇಡಿ, ಬೆವರಿನ ಗುರುತೂ ತುಕ್ಕಾಗುತ್ತದೆ.

ಜಿಂಕ್, ಅಲ್ಯುಮಿನಿಯಂಗೆ ಮೆದು ಕೈಯಲ್ಲಿ 320 ಸಾಕು. ಅವಕ್ಕೆ ಎಚ್ (etch) ಪ್ರೈಮರ್, ಅಂದರೆ ಲೋಹವನ್ನು ತುಸು ಕೊರೆದು ಹಿಡಿಯುವ ಪ್ರೈಮರ್, ಇಲ್ಲವೇ ಆ ಲೋಹಗಳಿಗೆ ಆಗುತ್ತದೆ ಅಂತ ಡಬ್ಬಿ ಮೇಲೆ ಬರೆದಿರುವ ಎಪಾಕ್ಸಿ. ಎಚ್ ಪ್ರೈಮರ್ ಮೇಲೆ ನೇರವಾಗಿ ಪುಟ್ಟಿ ಎಳೆಯಲು ಬಿಡಬೇಡಿ, ಕಚ್ಚಿಕೊಳ್ಳುವುದಿಲ್ಲ. ಮುಂದಿನ ಸರ್ಫೇಸರ್, 600 ವಾಟರ್ ಪೇಪರ್, ಬಣ್ಣ, ಕ್ಲಿಯರ್ ಎಲ್ಲ ಬಾಡಿ ಕೆಲಸದ ಹಾಗೇ. ಟೂಕೆ (2K, ಹಾರ್ಡ್‌ನರ್ ಬೆರೆಸಿ ಹೊಡೆಯುವ) ಬಣ್ಣದ ಹಾರ್ಡ್‌ನರ್ ಶ್ವಾಸಕೋಶಕ್ಕೆ ಕೆಟ್ಟದ್ದು. ಮುಖಕ್ಕೆ ಬರೀ ಬಟ್ಟೆ ಕಟ್ಟಿಕೊಂಡು ಸ್ಪ್ರೇ ಮಾಡುವ ಶೆಡ್‌ಗೆ ಕೊಡಬೇಡಿ, ಹೊಡೆಯುವ ಹುಡುಗನ ಆರೋಗ್ಯವೂ ಮುಖ್ಯ.

ಕೊನೆಯದಾಗಿ, ಬಂಪರ್ ಹಿಂಬದಿಗೂ ಪ್ರೈಮರ್, ಬಣ್ಣ ಎರಡೂ ಬೇಕು ಅಂತ ರೇಟ್ ಮಾತಾಡುವಾಗಲೇ ಹೇಳಿಬಿಡಿ. ಕಾಣುವುದಿಲ್ಲ ಅಂತ ಬಿಟ್ಟುಬಿಡುತ್ತಾರೆ, ತುಕ್ಕು ಶುರುವಾಗುವುದು ಅಲ್ಲಿಂದಲೇ.